ಮೂವರು ಎಂವಿಪಿಗಳಿದ್ದ ತಂಡ ಒಂದು ಅಂಕದಿಂದ ಸೋತಾಗ: ಇಸ್ತಾಂಬುಲ್ 2012ರ ಒಂದು ಪ್ರಕರಣ

2012ರ ಮೇ 13ರಂದು ಇಸ್ತಾಂಬುಲ್‌ನ ಸಿನಾನ್ ಎರ್ಡೆಮ್ ಕ್ರೀಡಾಂಗಣದಲ್ಲಿ ಯುರೋಪಿನ ಕ್ಲಬ್ ಬಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಟೂರ್ನಿಯಾದ ಯೂರೋಲೀಗ್‌ನ ಫೈನಲ್ ಆಡಲು ಇಳಿದ ಸಿಎಸ್‌ಕೆಎ ಮಾಸ್ಕೋ ತಂಡದಲ್ಲಿ ಯೂರೋಲೀಗ್ ಎಂವಿಪಿ (ಸೀಸನ್‌ನ ಅತ್ಯಂತ ಮೌಲ್ಯಯುತ ಆಟಗಾರ) ಪ್ರಶಸ್ತಿ ಗೆದ್ದ ಮೂವರಿದ್ದರು. ಲಿಥುವೇನಿಯಾದ ರಾಮೂನಸ್ ಶಿಷ್ಕೌಸ್ಕಾಸ್ 2008ರಲ್ಲಿ, ಸರ್ಬಿಯಾದ ಮಿಲೋಶ್ ಟಿಯೊಡೊಸಿಚ್ 2010ರಲ್ಲಿ, ರಷ್ಯಾದ ಆಂಡ್ರೇ ಕಿರಿಲೆಂಕೊ ಆ ವರ್ಷವೇ, 2012ರಲ್ಲಿ. ಸಾಲದ್ದಕ್ಕೆ 2010ರ ಅತ್ಯುತ್ತಮ ಡಿಫೆಂಡರ್ ವಿಕ್ಟರ್ ಖ್ರಿಯಾಪಾ ಕೂಡ ಅಲ್ಲೇ. ಎದುರಿಗಿದ್ದ ಗ್ರೀಸ್‌ನ ಒಲಿಂಪಿಯಾಕೋಸ್‌ನಲ್ಲಿ ಇಂಥ ತೂಕದ ಹೆಸರು ಒಂದೇ, ವಾಸಿಲಿಸ್ ಸ್ಪಾನೂಲಿಸ್. ಅವರೂ ಅಲ್ಲಿಯ ತನಕ ಸೀಸನ್‌ನ ಎಂವಿಪಿ ಆಗಿರಲಿಲ್ಲ. 2009ರಲ್ಲಿ ಗ್ರೀಸ್‌ನ ಇನ್ನೊಂದು ಕ್ಲಬ್ ಪಾನಾಥಿನೈಕೋಸ್ ಪರ ಆಡುವಾಗ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಹಂತ) ಎಂವಿಪಿ ಆಗಿದ್ದರು.

ಪಂದ್ಯ 62–61ರಿಂದ ಒಲಿಂಪಿಯಾಕೋಸ್ ಪಾಲಾಯಿತು. ಮೂರನೇ ಕ್ವಾರ್ಟರ್‌ನಲ್ಲಿ 53–34, ಅಂದರೆ 19 ಅಂಕ ಮುಂದಿದ್ದ ತಂಡ ಸೋತಿತು. ಕೊನೆಯ ಕ್ಷಣಗಳಲ್ಲಿ ಫ್ರೀ ಥ್ರೋ (ಫೌಲ್ ಆದಾಗ ಸಿಗುವ ಒಂದಂಕದ ಎಸೆತ) ತಪ್ಪಿಸಿದವರು ಆ ಮೂವರು ಎಂವಿಪಿಗಳಲ್ಲಿ ಇಬ್ಬರು.

ಯುರೋಪಿನ ಕ್ಲಬ್ ಬಾಸ್ಕೆಟ್‌ಬಾಲ್‌ನಲ್ಲಿ ವೈಯಕ್ತಿಕ ಪ್ರಶಸ್ತಿಗಳ ಮಾತು ಬಂದಾಗಲೆಲ್ಲ ನನಗೆ ಈ ಪಂದ್ಯವೇ ನೆನಪಾಗುತ್ತದೆ. ಫೈನಲ್‌ನಲ್ಲಿ ಸೋತವರಿಗೆ "ಅತ್ಯಂತ ಮೌಲ್ಯಯುತ ಆಟಗಾರ" ಎಂಬ ಪಟ್ಟವೇಕೆ ಎಂದು ಕೇಳುವವರು ಇಂದಿಗೂ ಇದ್ದಾರೆ. ಆ ವರ್ಷ ಕಿರಿಲೆಂಕೊಗೆ ಸೀಸನ್‌ನ ಎಂವಿಪಿ ಕೊಟ್ಟದ್ದು ಸರಿ, ಸ್ಪಾನೂಲಿಸ್‌ಗೆ ಫೈನಲ್ ಫೋರ್ ಎಂವಿಪಿ ಕೊಟ್ಟದ್ದೂ ಸರಿ ಎಂಬುದು ನನ್ನ ವಾದ. ಯಾವ ಪ್ರಶಸ್ತಿ ಯಾವ ಆಟವನ್ನು ಅಳೆಯುತ್ತದೆ, ಮತ ಹಾಕುವವರು ಯಾರು ಎಂದು ಬಿಡಿಸಿ ನೋಡಿದರೆ ಜಗಳಕ್ಕೆ ಹೆಚ್ಚಿನ ಜಾಗ ಉಳಿಯುವುದಿಲ್ಲ. ಉಳಿಯುವ ಜಾಗ ಬೇರೆ ಕಡೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಿನ್ನೆಲೆ. 2011ರ ಬೇಸಿಗೆಯಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಮಾಲೀಕರು ಮತ್ತು ಆಟಗಾರರ ನಡುವೆ ಒಪ್ಪಂದ ಮುರಿದು ಲೀಗ್‌ಗೆ ಬೀಗ ಬಿತ್ತು. ಯೂಟಾ ಜಾಝ್ ತಂಡದಲ್ಲಿ ಹತ್ತು ಸೀಸನ್ ಆಡಿ ಮುಗಿಸಿದ್ದ ಕಿರಿಲೆಂಕೊ ತಮ್ಮ ಹಳೆಯ ಕ್ಲಬ್ ಸಿಎಸ್‌ಕೆಎಗೆ ಮರಳಿದರು. ಬೀಗ ತೆಗೆದ ಮೇಲೆ ಹೆಚ್ಚಿನವರು ಅಮೆರಿಕಕ್ಕೆ ಹೊರಟರೂ ಅವರು ಸೀಸನ್ ಮುಗಿಯುವ ತನಕ ಮಾಸ್ಕೋದಲ್ಲೇ ಉಳಿದರು. ಕಲಾಶ್ನಿಕೋವ್ ಬಂದೂಕು ತಯಾರಾಗುವ ಇಝೆವ್ಸ್ಕ್ ಅವರು ಹುಟ್ಟಿದ ಊರು, ಹೆಸರಿನ ಮೊದಲಕ್ಷರ ಎ.ಕೆ., ಜೆರ್ಸಿ ಸಂಖ್ಯೆ 47. ಹೀಗಾಗಿ ಅಭಿಮಾನಿಗಳ ಬಾಯಲ್ಲಿ ಅವರು ಎಕೆ-47. ಉದ್ದ ಕೈಕಾಲು, ಯಾವ ಸ್ಥಾನದ ಆಟಗಾರನನ್ನಾದರೂ ಕಾಯಬಲ್ಲ ಚುರುಕು. ಪಂದ್ಯಕ್ಕೆ ಸರಾಸರಿ 14 ಅಂಕ, ಏಳಕ್ಕೂ ಹೆಚ್ಚು ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು), ಅದರ ಮೇಲೆ ಸ್ಟೀಲ್ (ಎದುರಾಳಿಯ ಚೆಂಡು ಕಸಿಯುವುದು), ಬ್ಲಾಕ್ (ಎಸೆತ ತಡೆಯುವುದು). ಸಿಎಸ್‌ಕೆಎ ಗುಂಪು ಹಂತದ ಹತ್ತೂ ಪಂದ್ಯ ಗೆದ್ದಿತು. ಎಂವಿಪಿ ಜೊತೆಗೆ ಆ ವರ್ಷದ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿಯೂ ಅವರಿಗೇ ಬಂತು.

ಒಲಿಂಪಿಯಾಕೋಸ್‌ನದು ಇದಕ್ಕೆ ತದ್ವಿರುದ್ಧ ಕಥೆ. ಗ್ರೀಸ್ ಸಾಲದ ಬಿಕ್ಕಟ್ಟಿನಲ್ಲಿ ಮುಳುಗಿತ್ತು, ಕ್ಲಬ್ಬಿನ ಮಾಲೀಕರಾದ ಆಂಗೆಲೊಪೌಲೋಸ್ ಸಹೋದರರು ಖರ್ಚಿಗೆ ಕತ್ತರಿ ಹಾಕಿದ್ದರು. ದೊಡ್ಡ ಸಂಬಳದ ಆಟಗಾರರು ಒಬ್ಬೊಬ್ಬರಾಗಿ ಹೊರಟರು. ಟಿಯೊಡೊಸಿಚ್ ನೇರವಾಗಿ ಸಿಎಸ್‌ಕೆಎಗೇ ಹೋದರು. ಅಂದರೆ ಫೈನಲ್‌ನಲ್ಲಿ ಎದುರು ನಿಂತ 2010ರ ಎಂವಿಪಿ ಆ ಪ್ರಶಸ್ತಿ ಗೆದ್ದದ್ದು ಒಲಿಂಪಿಯಾಕೋಸ್ ಜೆರ್ಸಿಯಲ್ಲಿ. ಕ್ಲಬ್ಬಿನ ಊರಾದ ಪಿರೇಯಸ್‌ನಲ್ಲಿ ಉಳಿದವರು ಸ್ಪಾನೂಲಿಸ್, ಸ್ಪೇನ್‌ನ ಮಾಲಗಾದಿಂದ ಮರಳಿದ ಯೊರ್ಗೊಸ್ ಪ್ರಿಂಟೆಝಿಸ್, ಜರ್ಮನಿಯ ಬಾಂಬರ್ಗ್‌ನಿಂದ ಬಂದ ಕೈಲ್ ಹೈನ್ಸ್, ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರಾದ ಕೋಸ್ಟಾಸ್ ಪಾಪಾನಿಕೊಲಾವ್, ಕೋಸ್ಟಾಸ್ ಸ್ಲೂಕಾಸ್, ವಾಂಗೆಲಿಸ್ ಮಾಂಟ್ಜಾರಿಸ್. ಕೋಚ್ 68 ವರ್ಷದ ದುಶಾನ್ ಇವ್ಕೋವಿಚ್. 1997ರಲ್ಲಿ ರೋಮ್‌ನಲ್ಲಿ ಒಲಿಂಪಿಯಾಕೋಸ್‌ಗೆ ಮೊದಲ ಯುರೋಪಿಯನ್ ಕಪ್ ಗೆದ್ದುಕೊಟ್ಟವರು ಅವರೇ. 2002ರಿಂದ 2005ರ ವರೆಗೆ ಸಿಎಸ್‌ಕೆಎಗೂ ಕೋಚ್ ಆಗಿದ್ದರು.

ಇನ್ನು ಪ್ರಶಸ್ತಿಗಳ ಏರ್ಪಾಡು. ಈಗಿನ ರೂಪದ ಯೂರೋಲೀಗ್ ಎಂವಿಪಿ ಶುರುವಾದದ್ದು 2005ರಲ್ಲಿ. ಮಕಾಬಿ ಟೆಲ್ ಅವೀವ್‌ನ ಆಂಥನಿ ಪಾರ್ಕರ್ ಮೊದಲ ಎರಡು ವರ್ಷವೂ ಗೆದ್ದರು. ಇದು ಸೀಸನ್‌ನ ಆರಂಭದಿಂದ ಫೈನಲ್ ಫೋರ್ ಬಾಗಿಲ ತನಕದ ಆಟಕ್ಕೆ ಸಲ್ಲುವ ಪ್ರಶಸ್ತಿ. ಆ ದಿನಗಳಲ್ಲಿ ಮಾಧ್ಯಮದವರ ಮತಕ್ಕೆ ದೊಡ್ಡ ತೂಕವಿತ್ತು, ಅಭಿಮಾನಿಗಳ ಮತಕ್ಕೆ ಚಿಕ್ಕ ತೂಕ. ಫೈನಲ್ ಫೋರ್ ಎಂವಿಪಿ ಬೇರೆಯೇ. ಒಂದೇ ಊರಿನಲ್ಲಿ ಒಂದೇ ವಾರಾಂತ್ಯ ನಡೆಯುವ ಎರಡು ಪಂದ್ಯಗಳನ್ನು ನೋಡಿ, ಅಲ್ಲಿರುವ ಪತ್ರಕರ್ತರು ಆರಿಸುವುದು ಅದು. ಅತ್ಯುತ್ತಮ ಡಿಫೆಂಡರ್ ಯಾರೆಂದು ಹೇಳುವವರು ತಂಡಗಳ ಕೋಚ್‌ಗಳು. ಭರವಸೆಯ ಕಿರಿಯ ಆಟಗಾರನಿಗೆ ಕೊಡುವ ರೈಸಿಂಗ್ ಸ್ಟಾರ್ ಕೂಡ ಅವರದೇ ಆಯ್ಕೆ. ಅತಿ ಹೆಚ್ಚು ಸರಾಸರಿ ಅಂಕ ಗಳಿಸಿದವನಿಗೆ ಸಲ್ಲುವ ಆಲ್ಫಾನ್ಸೊ ಫೋರ್ಡ್ ಟ್ರೋಫಿಗೆ ಮತವೇ ಬೇಡ, ಲೆಕ್ಕ ಸಾಕು. 2012ರಲ್ಲಿ ಅದು ಇಟಲಿಯ ಸಿಯೆನಾ ತಂಡದ ಬೋ ಮೆಕ್ಯಾಲೆಬ್‌ಗೆ ಹೋಯಿತು. ಫೋರ್ಡ್ ಲ್ಯುಕೀಮಿಯಾ ಇದೆಯೆಂದು ಗೊತ್ತಿದ್ದೂ ವರ್ಷಗಟ್ಟಲೆ ಆಡಿದ ಅಮೆರಿಕನ್. 2001 ಮತ್ತು 2002ರಲ್ಲಿ ಯೂರೋಲೀಗ್‌ನ ಅಂಕಪಟ್ಟಿಯ ತುದಿಯಲ್ಲಿದ್ದರು, ಎರಡನೆಯ ಸಲ ಒಲಿಂಪಿಯಾಕೋಸ್ ಪರ. 2004ರ ಸೆಪ್ಟೆಂಬರ್‌ನಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಪ್ರಶಸ್ತಿಗೆ ಅವರ ಹೆಸರಿಟ್ಟದ್ದು ಯೂರೋಲೀಗ್ ಮಾಡಿದ ಒಳ್ಳೆಯ ಕೆಲಸಗಳಲ್ಲೊಂದು.

ಒಂದು ಅಲಿಖಿತ ನಿಯಮವೂ ಇತ್ತು. ಎಂವಿಪಿ ಆಗುವವನ ತಂಡ ಫೈನಲ್ ಫೋರ್ ತಲುಪಿರಬೇಕು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೆ 2005ರಿಂದ ವರ್ಷಾನುವರ್ಷ ಹಾಗೇ ಆಗುತ್ತ ಬಂತು. 2024ರಲ್ಲಿ ಮೊನಾಕೊದ ಮೈಕ್ ಜೇಮ್ಸ್ ಗೆದ್ದಾಗಲೇ ಆ ರೂಢಿ ಮುರಿದದ್ದು. ಯುರೋಪಿನಲ್ಲಿ ವೈಯಕ್ತಿಕ ಪ್ರಶಸ್ತಿ ಎನ್ನುವುದು ಪೂರ್ತಿ ವೈಯಕ್ತಿಕವಾಗಿ ಎಂದೂ ಇರಲಿಲ್ಲ. ನಲವತ್ತು ನಿಮಿಷದ ಪಂದ್ಯ, ಹತ್ತು ಹನ್ನೊಂದು ಮಂದಿಯನ್ನು ತಿರುಗಿಸಿ ಆಡಿಸುವ ಕೋಚ್‌ಗಳು, 15 ಅಂಕದ ಸರಾಸರಿ ಇದ್ದರೇ ದೊಡ್ಡ ಮಾತು ಎನ್ನುವ ಲೀಗು. ಇಲ್ಲಿ ತಂಡದ ಗೆಲುವನ್ನು ಬದಿಗಿಟ್ಟು ಒಬ್ಬನನ್ನು ಅಳೆಯುವುದು ಕಷ್ಟ.

ಈಗ ಪಂದ್ಯಕ್ಕೆ ಬರೋಣ. ಸೆಮಿಫೈನಲ್‌ನಲ್ಲಿ ಸಿಎಸ್‌ಕೆಎ ಪಾನಾಥಿನೈಕೋಸ್ ಅನ್ನು 66–64ರಿಂದ, ಒಲಿಂಪಿಯಾಕೋಸ್ ಬಾರ್ಸಿಲೋನಾವನ್ನು 68–64ರಿಂದ ದಾಟಿ ಬಂದಿದ್ದವು. ಫೈನಲ್‌ನ ಮೊದಲ ಕ್ವಾರ್ಟರ್ ಸಿಎಸ್‌ಕೆಎ ಪರ 10–7. ಎರಡೂ ಕಡೆ ಕೈ ನಡುಗುತ್ತಿತ್ತು. ವಿರಾಮಕ್ಕೆ 34–20. ಮೂರನೆಯದರಲ್ಲಿ ಅಂತರ 19ಕ್ಕೆ ಏರಿತು. ಇಷ್ಟೊತ್ತಿಗೆ ಪಂದ್ಯ ಮುಗಿದಂತೆಯೇ. ಇವ್ಕೋವಿಚ್ ಹುಡುಗರನ್ನು ನಂಬಿ ಮುಂದೆ ಬಿಟ್ಟರು. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ 53–40. ಕೊನೆಯ ಹತ್ತು ನಿಮಿಷದಲ್ಲಿ ಒಲಿಂಪಿಯಾಕೋಸ್ 22 ಅಂಕ ಗಳಿಸಿತು, ಮೂವರು ಎಂವಿಪಿಗಳಿದ್ದ ಸಿಎಸ್‌ಕೆಎ ಬರೀ 8.

ಕೊನೆಯ ಸೆಕೆಂಡುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಟಿಯೊಡೊಸಿಚ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ಹಾಕಿ ಒಂದನ್ನು ಬಿಟ್ಟರು. ಆ ತುದಿಯಲ್ಲಿ ಪಾಪಾನಿಕೊಲಾವ್ ಎರಡೂ ಹಾಕಿದರು, 61–60. ತಕ್ಷಣ ಒಲಿಂಪಿಯಾಕೋಸ್ ಶಿಷ್ಕೌಸ್ಕಾಸ್‌ಗೆ ಫೌಲ್ ಮಾಡಿತು. ಉಳಿದದ್ದು 9.7 ಸೆಕೆಂಡ್. ಎರಡು ಸಲ ಯೂರೋಲೀಗ್ ಗೆದ್ದ, ವೃತ್ತಿಜೀವನದ ಕೊನೆಯ ಯೂರೋಲೀಗ್ ಪಂದ್ಯ ಆಡುತ್ತಿದ್ದ ಹಿರಿಯ. ಎರಡೂ ಬಿದ್ದಿದ್ದರೆ 63–60. ಎದುರಾಳಿಗೆ ಮೂರಂಕದ ಶಾಟ್ ಬೇಕಾಗುತ್ತಿತ್ತು. ಮೊದಲನೆಯದು ತಪ್ಪಿತು. ಎರಡನೆಯದೂ ತಪ್ಪಿತು. ರೀಬೌಂಡ್ ಹಿಡಿದ ಒಲಿಂಪಿಯಾಕೋಸ್ ಟೈಮ್‌ಔಟ್‌ಗೆ ಕಾಯದೆ ಓಡಿತು. ಚೆಂಡು ಸ್ಪಾನೂಲಿಸ್ ಕೈಯಲ್ಲಿ. ಕ್ರೀಡಾಂಗಣದಲ್ಲಿದ್ದ ಎಲ್ಲರಿಗೂ ಅವರೇ ಎಸೆಯುತ್ತಾರೆಂದು ಗೊತ್ತು, ಡಿಫೆಂಡರ್‌ಗಳಿಗೂ ಗೊತ್ತು. ಅವರು ಒಳನುಗ್ಗಿ ಡಿಫೆನ್ಸನ್ನು ತಮ್ಮ ಕಡೆ ಸೆಳೆದು ಚೆಂಡನ್ನು ಪ್ರಿಂಟೆಝಿಸ್‌ಗೆ ದಾಟಿಸಿದರು. ಪ್ರಿಂಟೆಝಿಸ್ ಒಂಟಿ ಕೈಯಲ್ಲಿ ತೇಲಿಸಿಬಿಟ್ಟ ಚೆಂಡು ರಿಂಗಿನೊಳಗೆ ಇಳಿದಾಗ ಗಡಿಯಾರದಲ್ಲಿ 0.7 ಸೆಕೆಂಡ್ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಸಿಎಸ್‌ಕೆಎಗೆ ಆ ದಿನ ಅಕ್ಷರಶಃ ಸಲ್ಲುತ್ತದೆ.

ಈ ಹತ್ತು ಸೆಕೆಂಡುಗಳಿಗೆ ಯೂರೋಲೀಗ್‌ನ ಸ್ವಂತ ಲೆಕ್ಕ ಹಚ್ಚಿ ನೋಡಿದರೆ ಪ್ರಶಸ್ತಿಗಳ ಬಗೆಗಿನ ಅರ್ಧ ಗೊಂದಲ ಬಯಲಾಗುತ್ತದೆ. ಸ್ಪೇನ್‌ನ ಲೀಗಿನಿಂದ ಬಂದ ಪರ್ಫಾರ್ಮೆನ್ಸ್ ಇಂಡೆಕ್ಸ್ ಎಂಬ ಅಳತೆಗೋಲು ಅಲ್ಲಿದೆ; ಆ ದಿನಗಳಲ್ಲಿ ವಾರದ ಎಂವಿಪಿಯನ್ನು ಅದರ ಮೇಲೆಯೇ ತೀರ್ಮಾನಿಸುತ್ತಿದ್ದರು. ಅಂಕ, ರೀಬೌಂಡ್, ಅಸಿಸ್ಟ್ (ಬಾಸ್ಕೆಟ್‌ಗೆ ದಾರಿ ಮಾಡಿಕೊಟ್ಟ ಪಾಸ್), ಸ್ಟೀಲ್, ಬ್ಲಾಕ್, ತನ್ನ ಮೇಲೆ ಆದ ಫೌಲ್ ಎಲ್ಲ ಕೂಡಿಸಬೇಕು. ತಪ್ಪಿದ ಎಸೆತ, ತಪ್ಪಿದ ಫ್ರೀ ಥ್ರೋ, ಕಳೆದುಕೊಂಡ ಚೆಂಡು, ಎದುರಾಳಿ ತಡೆದ ಎಸೆತ, ತಾನು ಮಾಡಿದ ಫೌಲ್ ಎಲ್ಲ ಕಳೆಯಬೇಕು. ಹಾಗಾದರೆ ಶಿಷ್ಕೌಸ್ಕಾಸ್‌ಗೆ ಫೌಲ್ ಗಳಿಸಿದ್ದಕ್ಕೆ 1 ಕೂಡಿ, ಎರಡು ಫ್ರೀ ಥ್ರೋ ತಪ್ಪಿದ್ದಕ್ಕೆ 2 ಕಳೆದು, ನಿವ್ವಳ ನಷ್ಟ 1. ಅವರಿಗೆ ಫೌಲ್ ಮಾಡಿದ ಒಲಿಂಪಿಯಾಕೋಸ್ ಆಟಗಾರನಿಗೂ ನಷ್ಟ 1. ಒಬ್ಬ ಕಪ್ ಕಳೆದ, ಇನ್ನೊಬ್ಬ ಕಪ್ ಉಳಿಸಿದ. ಪಟ್ಟಿಯಲ್ಲಿ ಇಬ್ಬರೂ ಸಮ. ಪಾಪಾನಿಕೊಲಾವ್‌ಗೆ ಎರಡು ಫ್ರೀ ಥ್ರೋ ಮತ್ತು ಗಳಿಸಿದ ಫೌಲ್ ಸೇರಿ 3. ಕಪ್ ತಂದ ಎಸೆತಕ್ಕೆ ಪ್ರಿಂಟೆಝಿಸ್‌ಗೆ 2. ಸ್ಪಾನೂಲಿಸ್ ಪಾಸ್‌ಗೆ 1.

ಇಂಡೆಕ್ಸ್ ಕೆಟ್ಟದ್ದೆಂದು ಹೇಳಲು ಇದನ್ನು ಬಿಡಿಸಿಡುತ್ತಿಲ್ಲ. ಮೊದಲ ನಿಮಿಷದ ಬಾಸ್ಕೆಟ್‌ಗೂ ಕೊನೆಯ ಸೆಕೆಂಡಿನ ಬಾಸ್ಕೆಟ್‌ಗೂ ಅದು ಒಂದೇ ಬೆಲೆ ಕೊಡುತ್ತದೆ, ಮತ್ತು ಇಪ್ಪತ್ತು ಪಂದ್ಯಗಳ ಮೊತ್ತಕ್ಕೆ ಹಾಗೆ ಮಾಡುವುದೇ ನ್ಯಾಯ. ಕಿರಿಲೆಂಕೊ ಅಂಥ ಲೆಕ್ಕಕ್ಕೆ ಹೇಳಿಮಾಡಿಸಿದ ಆಟಗಾರ: ಕಡಿಮೆ ಎಸೆದು, ಕಡಿಮೆ ತಪ್ಪಿ, ಎಲ್ಲ ಕಾಲಂಗಳಲ್ಲೂ ಸ್ವಲ್ಪ ಸ್ವಲ್ಪ ತುಂಬುವವರು. ಸ್ಪಾನೂಲಿಸ್ ಅದಕ್ಕೆ ಒಗ್ಗದವರು. ತಂಡದ ಕಷ್ಟದ ಎಸೆತಗಳೆಲ್ಲ ಅವರ ಪಾಲಿಗೆ, ಹೀಗಾಗಿ ತಪ್ಪುವ ಎಸೆತಗಳೂ ಕಳೆದುಕೊಳ್ಳುವ ಚೆಂಡುಗಳೂ ಹೆಚ್ಚು. ಇಂಡೆಕ್ಸ್ ನೋಡಿ ಅವರನ್ನು ಅಳೆದವರು ಅವರನ್ನು ನೋಡಿಯೇ ಇಲ್ಲ. ಮತದಾನ ಬೇಕಾಗುವುದು ಇದಕ್ಕೇ.

ಪತ್ರಕರ್ತರು ಸ್ಪಾನೂಲಿಸ್‌ಗೆ ಫೈನಲ್ ಫೋರ್ ಎಂವಿಪಿ ಕೊಟ್ಟರು. ಇಲ್ಲಿ ನಿಜವಾದ ತಕರಾರಿಗೆ ಜಾಗವಿದೆ. ಫೈನಲ್‌ನಲ್ಲಿ ಒಲಿಂಪಿಯಾಕೋಸ್ ಪರ ಅತಿ ಹೆಚ್ಚು ಅಂಕ ಪಾಪಾನಿಕೊಲಾವ್ ಅವರದು, 18. ಸ್ಪಾನೂಲಿಸ್ ಗಳಿಸಿದ್ದು 15. ಕಪ್ ತಂದ ಎಸೆತ ಪ್ರಿಂಟೆಝಿಸ್ ಅವರದು. ಆದರೂ ನಾನು ಪತ್ರಕರ್ತರ ಪರ. ಪ್ರಶಸ್ತಿ ಎರಡು ಪಂದ್ಯಗಳದು. ಬಾರ್ಸಿಲೋನಾ ಎದುರು ತಂಡವನ್ನು ಹೊತ್ತು ಫೈನಲ್‌ಗೆ ತಂದವರು ಅವರು. ಎರಡನೆಯದಾಗಿ, ಆ ಕೊನೆಯ ಪಾಸ್. ಎಸೆದು ತಪ್ಪಿದ್ದರೂ ಯಾರೂ ಅವರನ್ನು ದೂರುತ್ತಿರಲಿಲ್ಲ. ಹತ್ತು ಸೆಕೆಂಡಿನೊಳಗೆ, ತನ್ನ ಹೆಸರಿಗಿಂತ ಒಳ್ಳೆಯ ಎಸೆತ ಪಕ್ಕದಲ್ಲಿದೆ ಎಂದು ಕಂಡು ಚೆಂಡು ಬಿಟ್ಟುಕೊಡುವುದು ದೊಡ್ಡ ಆಟಗಾರನ ಕೆಲಸ. ಆ ನಿರ್ಧಾರಕ್ಕೆ ಇಂಡೆಕ್ಸ್ ಒಂದು ಅಂಕ ಕೊಟ್ಟಿತು, ಮತದಾರರು ಅದರ ಪೂರ್ತಿ ಬೆಲೆ ಕಟ್ಟಿದರು. ಪಾಪಾನಿಕೊಲಾವ್‌ಗೂ ಅನ್ಯಾಯವಾಗಲಿಲ್ಲ: ಆ ಸಲ ರೈಸಿಂಗ್ ಸ್ಟಾರ್ ರಿಯಲ್ ಮ್ಯಾಡ್ರಿಡ್‌ನ ನಿಕೊಲಾ ಮಿರೊಟಿಚ್‌ಗೆ ಎರಡನೇ ಬಾರಿ ಹೋಗಿತ್ತು, 2013ರಲ್ಲಿ ಕೋಚ್‌ಗಳು ಪಾಪಾನಿಕೊಲಾವ್ ಅವರನ್ನೇ ಆರಿಸಿದರು.

ಆಗಲೇ ಹೇಳಿದ ಉಳಿದ ಜಾಗ ಇವ್ಕೋವಿಚ್ ಅವರದು. ಆ ವರ್ಷದ ಅತ್ಯುತ್ತಮ ಕೋಚ್ ಪ್ರಶಸ್ತಿ ಅವರಿಗೆ ಬಂತು. ಅದರ ಹೆಸರು ಅಲೆಕ್ಸಾಂಡರ್ ಗೊಮೆಲ್ಸ್ಕಿ ಪ್ರಶಸ್ತಿ. ಗೊಮೆಲ್ಸ್ಕಿ ಸಿಎಸ್‌ಕೆಎಯ ಮಹಾನ್ ಕೋಚ್, ಮುಂದೆ ಕ್ಲಬ್ಬಿನ ಅಧ್ಯಕ್ಷ. ಸಿಎಸ್‌ಕೆಎಯನ್ನು ಸೋಲಿಸಿದವರಿಗೆ ಸಿಎಸ್‌ಕೆಎ ಹಿರಿಯನ ಹೆಸರಿನ ಗೌರವ. ಹತ್ತೊಂಬತ್ತು ಅಂಕ ಹಿಂದಿರುವಾಗ ಅನುಭವಿಗಳನ್ನು ಹೊರಗೆ ಕೂರಿಸಿ ಇಪ್ಪತ್ತೊಂದರ ಹುಡುಗರಿಗೆ ಪಂದ್ಯ ಒಪ್ಪಿಸುವ ಧೈರ್ಯ ಯಾವ ಅಂಕಿಅಂಶದ ಕಾಲಂನಲ್ಲೂ ಕಾಣದು. ನನ್ನ ಪಾಲಿಗೆ ಆ ರಾತ್ರಿ ಅತಿ ಹೆಚ್ಚು ತೂಕದ ಪ್ರಶಸ್ತಿ ಇದೇ, ಮತ್ತು ಅತಿ ಕಡಿಮೆ ಚರ್ಚೆಯಾಗುವುದೂ ಇದೇ. ಇವ್ಕೋವಿಚ್ 2021ರಲ್ಲಿ ತೀರಿಕೊಂಡರು. ಅವರು ಬೆಳೆಸಿದ ಸ್ಲೂಕಾಸ್ 2024ರಲ್ಲಿ ಬರ್ಲಿನ್‌ನಲ್ಲಿ ಪಾನಾಥಿನೈಕೋಸ್ ಪರ ಫೈನಲ್ ಫೋರ್ ಎಂವಿಪಿ ಆದರು.

ಕಿರಿಲೆಂಕೊ ವಿಷಯ ಇಷ್ಟಕ್ಕೇ ಬಿಡುವಂತಿಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ರಾಷ್ಟ್ರೀಯ ತಂಡಗಳ ಯೂರೋಬಾಸ್ಕೆಟ್ ಫೈನಲ್. ರಷ್ಯಾ ಆತಿಥೇಯ ಸ್ಪೇನನ್ನು 60–59ರಿಂದ ಸೋಲಿಸಿತು. ಗೆಲುವಿನ ಎಸೆತ ಜೆ. ಆರ್. ಹೋಲ್ಡನ್ ಅವರದು; ಅದರ ಮೇಲೆ ಸ್ಪೇನ್‌ನ ಪಾವ್ ಗಸೋಲ್ ಎಸೆದದ್ದು ರಿಂಗಿಗೆ ತಾಗಿ ಹೊರಬಿತ್ತು. ಟೂರ್ನಿಯ ಎಂವಿಪಿ ಕಿರಿಲೆಂಕೊ. ಅಲ್ಲಿ ಒಂದಂಕ ಅವರ ಕಡೆ ಇತ್ತು, ಹಾಗಾಗಿ ಪ್ರಶಸ್ತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಇಸ್ತಾಂಬುಲ್‌ನಲ್ಲಿ ಒಂದಂಕ ಅತ್ತ ಹೋಯಿತು. ಎರಡೂ ಕಡೆ ಕೊನೆಯ ಚೆಂಡು ಮುಟ್ಟಿದವರು ಅವರಲ್ಲ. ಅದೇ ಮನುಷ್ಯನ ಇಡೀ ವರ್ಷದ ಕೆಲಸವನ್ನು ಇನ್ನೊಬ್ಬರ ಫ್ರೀ ಥ್ರೋ ಮೇಲೆ ತೂಗುವುದು ನ್ಯಾಯವಲ್ಲ. ಅವರು ಯೂರೋಲೀಗ್ ಕಪ್ ಎತ್ತದೆಯೇ 2015ರಲ್ಲಿ ಆಟ ನಿಲ್ಲಿಸಿ ರಷ್ಯಾದ ಬಾಸ್ಕೆಟ್‌ಬಾಲ್ ಫೆಡರೇಷನ್ ಅಧ್ಯಕ್ಷರಾದರು.

ಎರಡು ಪ್ರಶಸ್ತಿಗಳು ಒಬ್ಬರಿಗೇ ಬರುವುದು ಎಷ್ಟು ಅಪರೂಪ ಎಂದು ನೋಡಿದರೂ ಇದೇ ತಿಳಿಯುತ್ತದೆ. 2005ರಿಂದ 2025ರ ವರೆಗೆ, ಕೋವಿಡ್‌ನಿಂದ ಅರ್ಧಕ್ಕೇ ನಿಂತ 2020 ಬಿಟ್ಟರೆ, ಇಪ್ಪತ್ತು ಸೀಸನ್. ಎಂವಿಪಿಯೇ ಫೈನಲ್ ಫೋರ್ ಎಂವಿಪಿಯೂ ಆದದ್ದು ಐದು ಸಲ: 2011ರಲ್ಲಿ ದಿಮಿತ್ರಿಸ್ ದಿಯಾಮಾಂಟಿಡಿಸ್, 2013ರಲ್ಲಿ ಸ್ಪಾನೂಲಿಸ್, 2016ರಲ್ಲಿ ನ್ಯಾಂಡೊ ಡಿ ಕೊಲೊ, 2018ರಲ್ಲಿ ಲೂಕಾ ಡಾನ್‌ಚಿಚ್, 2021ರಲ್ಲಿ ವಾಸಿಲಿಯೆ ಮಿಸಿಚ್. 2013ರ ಸ್ಪಾನೂಲಿಸ್ ಲಂಡನ್ ಫೈನಲ್‌ನ ಮೊದಲರ್ಧದಲ್ಲಿ ಒಂದಂಕವೂ ಗಳಿಸದೆ ಎರಡನೆಯರ್ಧದಲ್ಲಿ 22 ಗಳಿಸಿದರು. ಉಳಿದ ಹದಿನೈದು ವರ್ಷ ಪ್ರಶಸ್ತಿ ಇಬ್ಬರ ನಡುವೆ ಹಂಚಿಹೋಗಿದೆ. ಫೈನಲ್ ಮುಗಿದ ಮೇಲೆ ಒಂದೇ ಎಂವಿಪಿ ಕೊಟ್ಟರೆ ಸಾಲದೇ ಎನ್ನುವವರಿಗೆ ನನ್ನ ಉತ್ತರ: ಸಾಲದು. ಹಾಗೆ ಮಾಡಿದರೆ ಅಕ್ಟೋಬರ್‌ನಿಂದ ಏಪ್ರಿಲ್ ತನಕದ ಆಟ ಲೆಕ್ಕಕ್ಕೇ ಬರುವುದಿಲ್ಲ. ಮತದಾನ ಫೈನಲ್ ಫೋರ್‌ಗೆ ಮುಂಚೆ ಮುಗಿಯುವುದು ಯೂರೋಲೀಗ್‌ನ ದೌರ್ಬಲ್ಯವಲ್ಲ, ಅದೇ ಅದರ ಬಲ.

ದಶಕ ಮುಗಿದ ಮೇಲೆ ಯೂರೋಲೀಗ್ 2010–20ರ ದಶಕದ ತಂಡ ಆರಿಸಿತು. ಹತ್ತು ಮಂದಿಯಲ್ಲಿ ಸ್ಪಾನೂಲಿಸ್, ಟಿಯೊಡೊಸಿಚ್, ಕೈಲ್ ಹೈನ್ಸ್ ಇದ್ದಾರೆ. ಎಂದೂ ಎಂವಿಪಿ ಆಗದ ಪ್ರಿಂಟೆಝಿಸ್ ಕೂಡ ಇದ್ದಾರೆ. ಆ ದಶಕದಲ್ಲಿ ಒಂದೇ ಪೂರ್ತಿ ಸೀಸನ್ ಆಡಿ ಎಂವಿಪಿ ಆದ ಕಿರಿಲೆಂಕೊ ಇಲ್ಲ. ಇದೂ ಸರಿಯೇ.

2023ರ ಮೇ 21ರಂದು ಲಿಥುವೇನಿಯಾದ ಕೌನಸ್‌ನಲ್ಲಿ ನಡೆದ ಯೂರೋಲೀಗ್ ಫೈನಲ್‌ನಲ್ಲಿ ಒಲಿಂಪಿಯಾಕೋಸ್ ಇದೇ ಪ್ರಕರಣದ ಇನ್ನೊಂದು ಬದಿಯಲ್ಲಿ ನಿಂತಿತ್ತು. ಆ ವರ್ಷದ ಎಂವಿಪಿ ಸಾಶಾ ವೆಜೆಂಕೋವ್ ಒಲಿಂಪಿಯಾಕೋಸ್ ತಂಡದಲ್ಲಿದ್ದರು, ಫೈನಲ್‌ನಲ್ಲಿ 29 ಅಂಕ ಗಳಿಸಿದರು. ಆದರೆ ಕೊನೆಯ ಸೆಕೆಂಡುಗಳಲ್ಲಿ ಸೆರ್ಹಿಯೊ ಯುಲ್, ಪಂದ್ಯದಲ್ಲಿ ತಾವು ಹಾಕಿದ ಏಕೈಕ ಬಾಸ್ಕೆಟ್‌ನಿಂದ, ರಿಯಲ್ ಮ್ಯಾಡ್ರಿಡ್‌ಗೆ 79–78ರ ಗೆಲುವು ತಂದರು. ಫೈನಲ್ ಫೋರ್ ಎಂವಿಪಿ ಮ್ಯಾಡ್ರಿಡ್‌ನ ಎಡಿ ತವಾರೆಸ್‌ಗೆ ಹೋಯಿತು. ಆ ರಾತ್ರಿ ವೆಜೆಂಕೋವ್ ಪ್ರಶಸ್ತಿಯನ್ನು ವಾಪಸ್ ಕೇಳುವ ಯೋಚನೆ ಪಿರೇಯಸ್‌ನಲ್ಲಿ ಯಾರಿಗೂ ಬರುವುದಿಲ್ಲ. ಹಾಗಿದ್ದ ಮೇಲೆ ಮಾಸ್ಕೋದ ಕಿರಿಲೆಂಕೊಗೂ ಅದೇ ನ್ಯಾಯ ಸಲ್ಲಬೇಕು.